ಕಮ್ಮಿ ಅಲೊಕೇಶನ್‌ನಲ್ಲಿ ಫಾಸ್ಟ್ ಸ್ಟ್ರಿಂಗ್ ಕೋಡ್ ಬರೆಯೋದು: ರಸ್ಟ್ ಕಲಿಯೋರು ಪದೇ ಪದೇ ಕೇಳುವ ಪ್ರಶ್ನೆಗಳು

ಮಾತಾಡ್ವಾಗ, ಮೇಲ್‌ನಲ್ಲಿ, ಕೋಡ್ ರಿವ್ಯೂ ಮಾಡ್ವಾಗ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನ ಒಂದೇ ಕಡೆ ಹಾಕಿದೀನಿ. ಸ್ಟ್ರಿಂಗ್ ಅಂದ್ರೆ ಪ್ರೋಗ್ರಾಂ ಒಳಗಿನ ಪಠ್ಯ. ಎಲ್ಲ ರಸ್ಟ್ ಭಾಷೆ ಇಟ್ಕೊಂಡೇ ಹೇಳಿದೀನಿ, ಆದ್ರೆ ಸಿ, ಸಿ++, ಜಿಗ್ ಬರೆಯೋರಿಗೂ ಮುಕ್ಕಾಲು ಪಾಲು ಹಾಗೇ ಅನ್ವಯಿಸುತ್ತೆ. ನಿಮಗೆ ಬೇಕಾದ ಪ್ರಶ್ನೆಗೆ ನೇರ ಹೋಗ್ಬಹುದು, ಮೊದಲಿಂದ ಓದ್ಲೇಬೇಕು ಅಂತೇನಿಲ್ಲ.

## ಶುರು ಮಾಡೋರಿಗೆ

ಅಲೊಕೇಶನ್ ಅಂದ್ರೆ ನಿಜವಾಗ್ಲೂ ಏನು, ಅದಕ್ಕೆ ಯಾಕೆ ಇಷ್ಟು ತಲೆ ಕೆಡಿಸ್ಕೊಳ್ತೀರಾ?

ಹೀಪ್‌ನಲ್ಲಿ (ಪ್ರೋಗ್ರಾಂ ಓಡ್ವಾಗ ಕೇಳಿ ಪಡೆಯೋ ಮೆಮೊರಿ) ಇಷ್ಟು ಬೈಟ್ ಜಾಗ ಕೊಡು ಅಂತ ಅಲೊಕೇಟರ್‌ನ ಕೇಳೋದೇ ಅಲೊಕೇಶನ್. ಅದು ತನ್ನ ಹತ್ರ ಖಾಲಿ ಇರೋ ತುಂಡುಗಳಲ್ಲಿ ಒಂದನ್ನ ಹುಡುಕಿ ಕೊಡುತ್ತೆ, ಕೆಲಸ ಮುಗಿದ್ಮೇಲೆ ವಾಪಸ್ ತಗೊಂಡು ಲೆಕ್ಕ ಬರ್ಕೊಳುತ್ತೆ. ಒಂದು ಸಲಕ್ಕೆ ಹತ್ತಾರು ನ್ಯಾನೋಸೆಕೆಂಡ್ ಅಷ್ಟೇ, ಅದನ್ನ ನೋಡಿ ಯಾರೂ ಹೆದರಬೇಕಾಗಿಲ್ಲ. ಆದ್ರೆ ಸ್ಟ್ರಿಂಗ್ ಕೆಲಸ ಒಂದು ಸಲದ್ದಲ್ಲ, ಸಾಲಿಗೆ ಹತ್ತು, ಸಾಲು ಹತ್ತು ಲಕ್ಷ, ಹನಿ ಹನಿ ಕೂಡಿದ್ರೆ ಹಳ್ಳ ಅನ್ನೋ ಹಾಗೆ ಸೆಕೆಂಡಿನ ದೊಡ್ಡ ಪಾಲೇ ಹೋಗ್ಬಿಡುತ್ತೆ. ಜೊತೆಗೆ ಹೊಸ ಜಾಗ ಅಂದ್ರೆ ಹಳೇ ಬೈಟ್‌ಗಳನ್ನ ಅಲ್ಲಿಗೆ ಕಾಪಿ ಮಾಡ್ಬೇಕು, ಆ ಜಾಗ ಕ್ಯಾಶ್‌ನಲ್ಲಿ (ಪ್ರೊಸೆಸರ್ ಪಕ್ಕದಲ್ಲೇ ಇರೋ ಚಿಕ್ಕ, ಜೋರು ಮೆಮೊರಿ) ಇಲ್ದಿದ್ರೆ ಮೇನ್ ಮೆಮೊರಿ ತನಕ ಹೋಗ್ಬೇಕು. ಎಲ್1 ಕ್ಯಾಶ್‌ಗೆ ಒಂದು ನ್ಯಾನೋಸೆಕೆಂಡ್ ಆಸುಪಾಸು ಹಿಡಿದ್ರೆ ಮೇನ್ ಮೆಮೊರಿಗೆ ನೂರರ ಹತ್ರ ಹಿಡಿಯುತ್ತೆ. ನಂಗೆ ಅಲೊಕೇಶನ್ ಖರ್ಚಿಗಿಂತ ಅದರ ಹಿಂದೆ ಬರೋ ಈ ಕಾಪಿ, ಈ ಕ್ಯಾಶ್ ಮಿಸ್ ಇವುಗಳದ್ದೇ ಜಾಸ್ತಿ ಚಿಂತೆ.

ಸ್ಟ್ರಿಂಗ್ ಬೇರೆ &ಸ್ಟ್ರ್ ಬೇರೆ ಅಂತ ಯಾಕೆ ಇಟ್ಟಿದಾರೆ, ಯಾವಾಗ ಯಾವುದು ಬಳಸ್ಬೇಕು?

ಮನೆ ಓನರ್‌ಗೂ ಮನೆ ವಿಳಾಸ ಬರ್ಕೊಂಡಿರೋನಿಗೂ ಇರೋ ವ್ಯತ್ಯಾಸ. `ಸ್ಟ್ರಿಂಗ್` ಓನರ್, ಹೀಪ್‌ನಲ್ಲಿರೋ ಬೈಟ್‌ಗಳು ಅದರದ್ದು, ಬೆಳೆಸ್ಬಹುದು, ಕೊನೆಗೆ ಅದೇ ಫ್ರೀ ಮಾಡುತ್ತೆ. 64 ಬಿಟ್ ಮೆಷಿನ್‌ನಲ್ಲಿ ಅದು 24 ಬೈಟ್: ಪಾಯಿಂಟರ್, ಉದ್ದ, ಕೆಪ್ಯಾಸಿಟಿ. `&ಸ್ಟ್ರ್` ಬರೀ ವಿಳಾಸ ಮತ್ತು ಉದ್ದ, 16 ಬೈಟ್, ಬೇರೆಯವರ ಬೈಟ್‌ಗಳನ್ನ ತೋರಿಸುತ್ತೆ ಅಷ್ಟೇ, ಹಾಗಾಗಿ ಅದನ್ನ ತುಂಡು ಮಾಡಿದ್ರೂ ಏನೂ ಕಾಪಿ ಆಗಲ್ಲ. `ಟ್ರಿಮ್`, `ಸ್ಪ್ಲಿಟ್`, `ಸ್ಪ್ಲಿಟ್_ಒನ್ಸ್`, `ಸ್ಟ್ರಿಪ್_ಪ್ರಿಫಿಕ್ಸ್` ಇವೆಲ್ಲ ಕೊಡೋದು ಇದೇ ತುಂಡುಗಳನ್ನ, ಒಂದು ಅಲೊಕೇಶನ್ನೂ ಇಲ್ಲ. ಫಂಕ್ಷನ್‌ಗೆ ಓದೋಕೆ ಮಾತ್ರ ಬೇಕಿದ್ರೆ `&ಸ್ಟ್ರ್` ತಗೊಳ್ಳಿ. ಇಟ್ಕೊಳ್ಳೋಕೆ ಬೇಕಿದ್ರೆ `ಸ್ಟ್ರಿಂಗ್` ತಗೊಳ್ಳಿ, ಕಾಪಿ ಮಾಡ್ಬೇಕಾ ಬೇಡ್ವಾ ಅಂತ ಕರೆಯೋನು ತೀರ್ಮಾನ ಮಾಡ್ಲಿ.

"ಕನ್ನಡ" ಅಂತ ಮೂರೇ ಅಕ್ಷರ ಇದೆ, ಲೆನ್ ಕೇಳಿದ್ರೆ 15 ಅಂತಿದೆ, ಬಗ್ಗಾ ಇದು?

ಬಗ್ ಅಲ್ಲ. `ಲೆನ್` ಹೇಳೋದು ಬೈಟ್ ಲೆಕ್ಕ. ರಸ್ಟ್ ಸ್ಟ್ರಿಂಗ್ ಯಾವಾಗ್ಲೂ ಯುಟಿಎಫ್-8 (ಯುನಿಕೋಡ್ ಚಿಹ್ನೆಗಳನ್ನ ಬೈಟ್ ಆಗಿ ಬರೆಯೋ ರೀತಿ, ಒಂದೊಂದು ಚಿಹ್ನೆಯ ನಂಬರೇ ಕೋಡ್ ಪಾಯಿಂಟ್), ಅದರಲ್ಲಿ ಕನ್ನಡದ ಒಂದೊಂದು ಕೋಡ್ ಪಾಯಿಂಟ್‌ಗೂ ಮೂರು ಬೈಟ್. "ಕನ್ನಡ" ಅನ್ನೋದ್ರಲ್ಲಿ ಕ, ನ, ಒತ್ತಕ್ಷರಕ್ಕೆ ಬೇಕಾದ ವಿರಾಮ (ಹಲಂತ), ಮತ್ತೆ ನ, ಡ, ಒಟ್ಟು ಐದು ಕೋಡ್ ಪಾಯಿಂಟ್, ಐದು ಮೂರಲ್ಲಿ ಹದಿನೈದು. ಅದಕ್ಕೇ ಮೊದಲ ಎರಡು ಬೈಟ್ ಕತ್ತರಿಸೋಕೆ ಹೋದ್ರೆ ಪ್ಯಾನಿಕ್ ಆಗುತ್ತೆ (ಪ್ರೋಗ್ರಾಂ ದೋಷ ಹೇಳಿ ನಿಲ್ಲುತ್ತೆ), ಅಕ್ಷರದ ಮಧ್ಯ ಕತ್ತರಿಸಿದ ಹಾಗೆ.

ಇಲ್ಲಿ ಒಂದು ಒಳ್ಳೇ ವಿಷಯ ಇದೆ. 1992ರಲ್ಲಿ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ಯುಟಿಎಫ್-8 ರೂಪಿಸ್ವಾಗ, ಬಹುಬೈಟ್ ಅಕ್ಷರದ ಯಾವ ಬೈಟ್ ಕೂಡ ಆಸ್ಕಿ (ಇಂಗ್ಲಿಷ್ ಅಕ್ಷರ, ಅಂಕಿ, ಕಾಮಾ ಇಂಥವು) ಬೈಟ್ ಥರ ಕಾಣದ ಹಾಗೆ ಮಾಡಿದ್ರು. ಅಂದ್ರೆ ಕನ್ನಡ ತುಂಬಿರೋ ಫೈಲ್‌ನಲ್ಲೂ ಕಾಮಾ, ಟ್ಯಾಬ್, ನ್ಯೂಲೈನ್ ಹುಡುಕೋಕೆ ಅಕ್ಷರ ಡಿಕೋಡ್ ಮಾಡೋ ಅಗತ್ಯವೇ ಇಲ್ಲ, ಬರೀ ಬೈಟ್ ನೋಡ್ಕೊಂಡು ಹೋದ್ರೆ ಸಾಕು, ತಪ್ಪು ಜಾಗದಲ್ಲಿ ಸಿಗೋ ಮಾತೇ ಇಲ್ಲ. `ಚಾರ್ಸ್` ಹಾಕಿ ಲೂಪ್ ತಿರುಗ್ಸೋ ಕೋಡ್ ನೋಡ್ದಾಗೆಲ್ಲ ಇದು ನಿಜವಾಗ್ಲೂ ಬೇಕಾ ಅಂತ ಕೇಳ್ತೀನಿ, ಹೆಚ್ಚಿನ ಸಲ `ಆಸ್_ಬೈಟ್ಸ್` ಸಾಕಾಗಿರುತ್ತೆ.

ಸಿ ಭಾಷೇಲಿ ಈ ರಗಳೆ ಏನೂ ಇಲ್ವಲ್ಲ, ಅಲ್ಲೇ ಬರೆದ್ರೆ ತಾನಾಗೇ ಫಾಸ್ಟ್ ಅಲ್ವಾ?

ಸಿ ಸ್ಟ್ರಿಂಗ್‌ಗೆ ತನ್ನ ಉದ್ದ ಗೊತ್ತಿಲ್ಲ, ಸೊನ್ನೆ ಬೈಟ್ ಸಿಗೋ ತನಕ ನಡ್ಕೊಂಡು ಹೋಗ್ಬೇಕು. `ಸ್ಟ್ರ್‌ಕ್ಯಾಟ್` ಲೂಪ್‌ನಲ್ಲಿ ಹಾಕಿದ್ರೆ ಪ್ರತಿ ಸಲ ಮೊದಲಿಂದ ಕೊನೇ ತನಕ ನಡಿಗೆ, ಸ್ಟ್ರಿಂಗ್ ಬೆಳೆದ ಹಾಗೆ ಖರ್ಚು ವರ್ಗದ ಲೆಕ್ಕದಲ್ಲಿ ಏರುತ್ತೆ. 2021ರಲ್ಲಿ ಒಂದು ಹೆಸರುವಾಸಿ ಆನ್‌ಲೈನ್ ಗೇಮ್ ಲೋಡ್ ಆಗೋಕೆ ನಿಮಿಷಗಟ್ಟಲೆ ಯಾಕೆ ತಗೊಳುತ್ತೆ ಅಂತ ಹೊರಗಿನ ಡೆವಲಪರ್ ಒಬ್ರು ಕೆದಕಿ ನೋಡಿದ್ರು. ಸುಮಾರು 10 ಎಂಬಿ ಜೇಸನ್‌ನ `ಎಸ್‌ಸ್ಕ್ಯಾನ್‌ಎಫ್`‌ನಲ್ಲಿ ಓದ್ತಾ ಇತ್ತು, ಅದು ಒಳಗಡೆ ಪ್ರತಿ ತುಣುಕಿಗೂ ಉಳಿದ ಇಡೀ ಫೈಲ್‌ನ `ಸ್ಟ್ರ್‌ಲೆನ್` ಲೆಕ್ಕ ಹಾಕ್ತಾ ಇತ್ತು. ಅದೊಂದನ್ನೂ, ಪಕ್ಕದಲ್ಲಿದ್ದ ಒಂದು ಕೆಟ್ಟ ಹುಡುಕಾಟವನ್ನೂ ಸರಿ ಮಾಡಿದ್ಮೇಲೆ ಲೋಡ್ ಟೈಮ್ ಸುಮಾರು 70% ಇಳೀತು.

ಇನ್ನೊಂದು ತೊಂದ್ರೆ ಜನ ಗಮನಿಸಲ್ಲ: ಕೊನೇಲಿ ಸೊನ್ನೆ ಬೇಕೇ ಬೇಕು ಅಂದ್ರೆ ಮಧ್ಯದ ತುಂಡನ್ನ ಕಾಪಿ ಮಾಡ್ದೆ ಕೊಡೋಕಾಗಲ್ಲ. `ಸ್ಟ್ರ್‌ಟೋಕ್` ಅದಕ್ಕೇ ನಿಮ್ಮ ಬಫರ್ ಒಳಗೇ ಸೊನ್ನೆ ಬರೆದು ಹಾಳು ಮಾಡುತ್ತೆ. ಸಿ ಬರೆಯೋರೂ ಪಾಯಿಂಟರ್ ಮತ್ತು ಉದ್ದ ಇರೋ ಚಿಕ್ಕ ಸ್ಟ್ರಕ್ಟ್ ಒಂದನ್ನ ಮಾಡ್ಕೊಂಡು ಎಲ್ಲ ಕಡೆ ಅದನ್ನೇ ಓಡಾಡ್ಸಿ. ಸಿ++17ರ `ಸ್ಟ್ರಿಂಗ್_ವ್ಯೂ` ಅದೇ, ಆದ್ರೆ ಅಲ್ಲಿ ಮೂಲ ಸ್ಟ್ರಿಂಗ್ ಸತ್ತ ಮೇಲೂ ವ್ಯೂ ಉಳ್ಕೊಂಡ್ರೆ ಕಂಪೈಲರ್ ತಡೆಯುತ್ತೆ ಅಂತ ನಂಬ್ಕೊಂಡು ಕೂರೋ ಹಾಗಿಲ್ಲ.

## ದಿನದ ಕೆಲಸದಲ್ಲಿ ಬರೋವು

ದೊಡ್ಡ ಲಾಗ್ ಫೈಲ್ ಸಾಲು ಸಾಲಾಗಿ ಓದಿ ಫೀಲ್ಡ್ ಬೇರೆ ಮಾಡ್ತಾ ಇದೀನಿ, ರಸ್ಟ್ ಆದ್ರೂ ಸ್ಲೋ, ಎಲ್ಲಿ ಎಡವ್ತಾ ಇದೀನಿ?

ಮೊದಲು ರಿಲೀಸ್ ಮೋಡ್‌ನಲ್ಲಿ ಬಿಲ್ಡ್ ಮಾಡಿದೀರಾ ನೋಡಿ, ಈ ದೂರು ಹೇಳಿದ ಎಷ್ಟೋ ಜನ ಮಾಡಿರಲ್ಲ. ಮಾಡಿದ್ರೆ ಮುಂದೆ ಓದಿ.

ನಾನು ನೋಡೋ ಕೋಡ್ ಸಾಮಾನ್ಯವಾಗಿ ಹೀಗಿರುತ್ತೆ: `ಲೈನ್ಸ್` ಮೇಲೆ ಲೂಪ್, ಪ್ರತಿ ಸಾಲನ್ನ `ಟು_ಲೋವರ್‌ಕೇಸ್`, ಆಮೇಲೆ `ಸ್ಪ್ಲಿಟ್`, ಪ್ರತಿ ತುಂಡಿಗೂ `ಟು_ಸ್ಟ್ರಿಂಗ್`, ಎಲ್ಲನೂ ಬೆಳೆಯೋ ಪಟ್ಟಿ ಆಗಿರೋ ಒಂದು ವೆಕ್‌ಗೆ `ಕಲೆಕ್ಟ್`. ಸಾಲಿಗೆ ಆರು ಫೀಲ್ಡ್ ಅಂತ ಇಟ್ಕೊಂಡು ಎಣಿಸೋಣ. `ಲೈನ್ಸ್` ಪ್ರತಿ ಸಾಲಿಗೂ ಹೊಸ ಸ್ಟ್ರಿಂಗ್ ಕೊಡುತ್ತೆ, ಅದೊಂದು. ಲೋವರ್‌ಕೇಸ್ ಇನ್ನೊಂದು. ಆರು ಫೀಲ್ಡಿಗೆ ಆರು. ವೆಕ್‌ಗೆ ಎಷ್ಟು ಬರುತ್ತೆ ಅಂತ ಮೊದಲೇ ಗೊತ್ತಿಲ್ಲ, ನಾಲ್ಕು ಜಾಗದಿಂದ ಶುರು ಮಾಡಿ ಐದನೇದು ಬಂದಾಗ ಎಂಟಕ್ಕೆ ಬೆಳೆಯುತ್ತೆ, ಅದು ಎರಡು. ಒಟ್ಟು ಹತ್ತು. ಹತ್ತು ಲಕ್ಷ ಸಾಲಿಗೆ ಒಂದು ಕೋಟಿ ಅಲೊಕೇಶನ್, ಅದೂ ನಿಮಗೆ ಬೇಕಾಗಿದ್ದು ಮೂರನೇ ಫೀಲ್ಡ್ ಒಂದೇ ಆಗಿದ್ರೂ!

ಈಗ ಬದಲಾಯಿಸೋಣ. ಲೂಪ್ ಹೊರಗೆ ಒಂದು ಖಾಲಿ ಸ್ಟ್ರಿಂಗ್ ಇಡಿ. ಒಳಗೆ ಮೊದಲು `ಕ್ಲಿಯರ್`, ಆಮೇಲೆ `ರೀಡ್_ಲೈನ್`‌ಗೆ ಅದನ್ನೇ ಕೊಡಿ. `ಕ್ಲಿಯರ್` ಉದ್ದನ ಸೊನ್ನೆ ಮಾಡುತ್ತೆ, ಜಾಗನ ಬಿಡಲ್ಲ, ಹಾಗಾಗಿ ಅತಿ ಉದ್ದದ ಸಾಲು ಒಂದು ಸಲ ಬಂದು ಹೋದ್ಮೇಲೆ ಓದೋಕೆ ಅಲೊಕೇಶನ್ನೇ ಇಲ್ಲ. (`ಕ್ಲಿಯರ್` ಮರೆತ್ರೆ `ರೀಡ್_ಲೈನ್` ಹಳೇ ಸಾಲಿನ ಹಿಂದೆ ಹೊಸ ಸಾಲು ಅಂಟಿಸ್ತಾ ಹೋಗುತ್ತೆ, ಇದನ್ನ ಒಂದು ಸಂಜೆ ಪೂರ್ತಿ ಹುಡುಕಿದೀನಿ.) ಫೀಲ್ಡಿಗೆ `ಸ್ಪ್ಲಿಟ್` ಮಾಡಿ `ಎನ್‌ಥ್`‌ನಲ್ಲಿ ಮೂರನೇದು ತಗೊಳ್ಳಿ, ವೆಕ್ ಬೇಡ. ಲೋವರ್‌ಕೇಸ್ ಯಾಕೆ ಮಾಡಿದ್ರಿ, ಹೋಲಿಸೋಕೆ ತಾನೇ? `ಈಕ್ಯೂ_ಇಗ್ನೋರ್_ಆಸ್ಕಿ_ಕೇಸ್` ಇದೆ, ಹಾಗೇ ಹೋಲಿಸುತ್ತೆ. ಸಾಲಿಗೆ ಹತ್ತು ಇದ್ದದ್ದು ಸೊನ್ನೆ ಆಯ್ತು, ಕೋಡ್ ಉದ್ದನೂ ಕಮ್ಮಿ ಆಯ್ತು.

ಲೂಪ್ ಒಳಗೆ ಫಾರ್ಮ್ಯಾಟ್! ಹಾಕ್ಬಾರ್ದು ಅಂತಾರೆ, ಮತ್ತೆ ನಂಬರ್ ಎಲ್ಲ ಸೇರಿಸಿ ಬರೆಯೋದು ಹೇಗೆ?

`ಫಾರ್ಮ್ಯಾಟ್!` ಪ್ರತಿ ಸಲ ಹೊಸ ಸ್ಟ್ರಿಂಗ್ ಹುಟ್ಸುತ್ತೆ. ಅದನ್ನ ತಗೊಂಡು ಇನ್ನೊಂದಕ್ಕೆ `ಪುಶ್_ಸ್ಟ್ರ್` ಮಾಡಿದ್ರೆ ಹುಟ್ಟಿದ್ದು ಅಲ್ಲೇ ಸಾಯುತ್ತೆ. ಬದಲಿಗೆ `ರೈಟ್!` ಮ್ಯಾಕ್ರೋಗೆ ನಿಮ್ಮ ಸ್ಟ್ರಿಂಗನ್ನೇ ಗುರಿಯಾಗಿ ಕೊಡಿ, ನೇರ ಅಲ್ಲೇ ಬರೆಯುತ್ತೆ, `ಎಫ್‌ಎಂಟಿ::ರೈಟ್` ಟ್ರೇಟ್ ತಂದ್ಕೊಂಡಿರ್ಬೇಕು ಅಷ್ಟೇ. ಕೋಟಿಗಟ್ಟಲೆ ಪೂರ್ಣಾಂಕ ಬರೆಯೋದಿದ್ರೆ `ಐಟೋಆ` ಕ್ರೇಟ್ (ರಸ್ಟ್ ಲೈಬ್ರರಿಗೆ ಹೀಗಂತಾರೆ) ನೋಡಿ, ಅದು ಸ್ಟ್ಯಾಕ್ ಮೇಲಿನ ಪುಟ್ಟ ಬಫರ್‌ನಲ್ಲೇ ಅಂಕಿಗಳನ್ನ ಬರೆದು ತುಂಡು ಕೊಡುತ್ತೆ.

ಔಟ್‌ಪುಟ್ ಸ್ಕ್ರೀನ್‌ಗೋ ಪೈಪ್‌ಗೋ ಹೋಗ್ತಿದ್ರೆ ಇನ್ನೊಂದು ನೆನಪಿರ್ಲಿ. ರಸ್ಟ್‌ನ ಸ್ಟ್ಯಾಂಡರ್ಡ್ ಔಟ್‌ಪುಟ್ ಸಾಲಿಗೊಂದು ಸಲ ಫ್ಲಶ್ ಆಗುತ್ತೆ, `ಪ್ರಿಂಟ್‌ಎಲ್‌ಎನ್!` ಪ್ರತಿ ಸಲ ಲಾಕ್ ಬೇರೆ ಹಿಡಿಯುತ್ತೆ. ಒಮ್ಮೆ ಲಾಕ್ ಮಾಡಿ `ಬಫ್‌ರೈಟರ್`‌ನಲ್ಲಿ ಸುತ್ತಿಬಿಡಿ. ಅಲೊಕೇಶನ್ ಕಮ್ಮಿ ಮಾಡ್ತಾ ಕೂತು ಸಾಲಿಗೊಂದು ಸಿಸ್ಟಮ್ ಕಾಲ್ ಬಿಟ್ಟಿದ್ರೆ ಎಲ್ಲ ಶ್ರಮ ನೀರಲ್ಲಿ ಹೋಮ.

ವಿತ್_ಕೆಪ್ಯಾಸಿಟಿಗೆ ಎಷ್ಟು ಕೊಡ್ಬೇಕು ಅಂತ ಹೇಗೆ ಗೊತ್ತಾಗುತ್ತೆ?

ಅಂದಾಜು ಸಾಕು. ಖಾಲಿ ಸ್ಟ್ರಿಂಗ್‌ಗೆ ಒಂದೊಂದೇ ಬೈಟ್ ಹಾಕ್ತಾ ಹೋದ್ರೆ ಜಾಗ 8, 16, 32 ಅಂತ ಇಮ್ಮಡಿ ಆಗುತ್ತೆ, ಸಾವಿರ ಬೈಟ್ ಮುಟ್ಟೋಷ್ಟರಲ್ಲಿ ಎಂಟು ಸಲ ಅಲೊಕೇಟರ್ ಹತ್ರ ಹೋಗಿರ್ತೀರಾ. 1024 ಅಂತ ಮೊದಲೇ ಹೇಳಿದ್ರೆ ಒಂದೇ ಸಲ. ಇನ್‌ಪುಟ್ ಉದ್ದ ಗೊತ್ತಿದ್ರೆ ಅದನ್ನೇ ಕೊಡಿ. `ರಿಸರ್ವ್_ಎಕ್ಸಾಕ್ಟ್` ಮಾತ್ರ ಲೂಪ್‌ನಲ್ಲಿ ಬೇಡ, ಇಮ್ಮಡಿ ಆಗೋ ಲಾಭನೇ ಹೋಗ್ಬಿಡುತ್ತೆ.

ವಿಶೇಷ ಚಿಹ್ನೆಗಳನ್ನ ಬದಲಾಯಿಸಿ ಎಸ್ಕೇಪ್ ಮಾಡೋ ಫಂಕ್ಷನ್ ಇದೆ, ನೂರರಲ್ಲಿ ತೊಂಬತ್ತೈದು ಸಲ ಬದಲಾಯಿಸೋಕೆ ಏನೂ ಇರಲ್ಲ, ಆದ್ರೂ ಕಾಪಿ ಆಗುತ್ತೆ, ಏನ್ ಮಾಡ್ಲಿ?

ಇದಕ್ಕೇ `ಕೌ` ಇರೋದು. ಬದಲಾಗ್ದೇ ಇದ್ರೆ ಸಾಲ ತಂದ `&ಸ್ಟ್ರ್` ಹಾಗೇ ವಾಪಸ್, ಬದಲಾದ್ರೆ ಮಾತ್ರ ಹೊಸ `ಸ್ಟ್ರಿಂಗ್`, ಎರಡೂ ಒಂದೇ ಟೈಪ್‌ನಲ್ಲಿ. ಬರೆಯೋ ರೀತಿ ಹೀಗೆ: ಮೊದಲು ಬೈಟ್‌ಗಳಲ್ಲಿ ಎಸ್ಕೇಪ್ ಬೇಕಾದ ಮೊದಲ ಜಾಗ ಹುಡುಕಿ, ಸಿಗ್ಲಿಲ್ಲ ಅಂದ್ರೆ `ಕೌ::ಬಾರೋಡ್` ಕೊಟ್ಟು ಹೊರಟ್ಬಿಡಿ. ಸಿಕ್ರೆ ಉದ್ದಕ್ಕಿಂತ ಸ್ವಲ್ಪ ಜಾಸ್ತಿ ಕೆಪ್ಯಾಸಿಟಿ ತಗೊಂಡು, ಅಲ್ಲಿ ತನಕದ್ದನ್ನ ಒಂದೇ ಏಟಿಗೆ `ಪುಶ್_ಸ್ಟ್ರ್` ಮಾಡಿ, ಮುಂದಿನ ಎಸ್ಕೇಪ್ ತನಕ ಮತ್ತೆ ಒಂದೇ ಏಟಿಗೆ, ಹೀಗೆ. ಅಕ್ಷರ ಅಕ್ಷರ `ಪುಶ್` ಮಾಡೋದಕ್ಕಿಂತ ತುಂಡು ತುಂಡಾಗಿ ಹಾಕೋದು ಬಹಳ ಜೋರು, ಯಾಕಂದ್ರೆ ಅದು ಒಂದು ಮೆಮ್‌ಕಾಪಿ.

`ರಿಪ್ಲೇಸ್` ಐದು ಸಲ ಸರಪಳಿ ಹಾಕಿರೋ ಕೋಡ್‌ಗೂ ಇದೇ ಮದ್ದು. ಅದು ಏನೂ ಸಿಗದಿದ್ರೂ ಪ್ರತಿ ಸಲ ಹೊಸ ಸ್ಟ್ರಿಂಗ್ ಕೊಡುತ್ತೆ, ಐದು ಸಲ ಇಡೀ ಪಠ್ಯ ಓದಿ ಐದು ಸಲ ಬರೆದ ಹಾಗೆ.

ಹ್ಯಾಶ್‌ಮ್ಯಾಪ್‌ನಲ್ಲಿ ಪದ ಎಣಿಸ್ತಾ ಇದೀನಿ, ಎಂಟ್ರಿಗೆ ಟು_ಸ್ಟ್ರಿಂಗ್ ಕೇಳುತ್ತೆ, ಬೇರೆ ದಾರಿ ಇಲ್ವಾ?

`ಎಂಟ್ರಿ` ಕೀನ ಸ್ವಂತಕ್ಕೆ ಕೇಳುತ್ತೆ, ಹಾಗಾಗಿ ಪದ ಆಗಲೇ ಮ್ಯಾಪ್‌ನಲ್ಲಿದ್ರೂ ಕಾಪಿ ಮಾಡಿ ಕೊಟ್ಟು ಎಸೀಬೇಕಾಗುತ್ತೆ. ಮೊದಲು `ಗೆಟ್_ಮ್ಯೂಟ್`‌ಗೆ ಬರೀ `&ಸ್ಟ್ರ್` ಕೊಟ್ಟು ನೋಡಿ, ಇದ್ರೆ ಒಂದು ಕೂಡಿಸಿ, ಇಲ್ದಿದ್ರೆ ಮಾತ್ರ `ಟು_ಸ್ಟ್ರಿಂಗ್` ಮಾಡಿ ಸೇರಿಸಿ. ಹೊಸ ಪದಕ್ಕೆ ಎರಡು ಸಲ ಹ್ಯಾಶ್ ಆಗುತ್ತೆ ನಿಜ, ಆದ್ರೆ ನಿಜವಾದ ಪಠ್ಯದಲ್ಲಿ ಅದೇ ಪದಗಳೇ ಮತ್ತೆ ಮತ್ತೆ ಬರ್ತವೆ. ಅದೂ ಬೇಡ ಅಂದ್ರೆ `ಹ್ಯಾಶ್‌ಬ್ರೌನ್` ಕ್ರೇಟ್‌ನ `ಎಂಟ್ರಿ_ರೆಫ್` ಇದೆ. ಜೊತೆಗೆ, ಡೀಫಾಲ್ಟ್ ಹ್ಯಾಶ್ ಆಗಿರೋ ಸಿಪ್‌ಹ್ಯಾಶ್ ಬೇಕಂತಲೇ ಕೀ ಡಿಕ್ಕಿ ಹೊಡ್ಸೋ ದಾಳಿ ತಡೆಯೋಕೆ ಇರೋದು, ಚಿಕ್ಕ ಪದಗಳಿಗೆ ಸ್ವಲ್ಪ ಭಾರ. ಹೊರಗಿನವರ ಡೇಟಾ ಅಲ್ಲ ಅಂತ ಖಾತ್ರಿ ಇದ್ರೆ ಮಾತ್ರ ಹಗುರದ್ದಕ್ಕೆ ಹೋಗಿ.

ಸ್ಟ್ರಕ್ಟ್‌ನಲ್ಲಿ &ಸ್ಟ್ರ್ ಇಟ್ರೆ ಲೈಫ್‌ಟೈಮ್ (ಸಾಲ ತಂದದ್ದು ಎಷ್ಟು ಹೊತ್ತು ಬದುಕಿರುತ್ತೆ ಅನ್ನೋ ಗುರುತು) ಎಲ್ಲ ಕಡೆ ಹಬ್ಬುತ್ತೆ, ಸುಮ್ನೆ ಕ್ಲೋನ್ ಮಾಡ್ಬಿಡ್ಲಾ?

ಮೇಲ್ಮೇಲೆ ಇರೋ ಕೋಡ್ ಆದ್ರೆ ಮಾಡಿ, ಪರ್ವಾಗಿಲ್ಲ. ಪಾರ್ಸರ್ ಥರದ್ದಾದ್ರೆ ಇಡೀ ಫೈಲನ್ನ ಒಂದೇ ಬಫರ್‌ಗೆ ಓದಿ, ಎಲ್ಲ ಟೋಕನ್‌ಗಳೂ ಅದರತ್ತ ಬೊಟ್ಟು ಮಾಡೋ ಹಾಗಿಟ್ರೆ ಲೈಫ್‌ಟೈಮ್ ಒಂದೇ ಒಂದು, ಅಷ್ಟೇನೂ ಕಾಡಲ್ಲ. ಇನ್ನೊಂದು ದಾರಿ ನಂಗೆ ಇಷ್ಟ: ತುಂಡಿನ ಬದಲು ಶುರು ಮತ್ತು ಕೊನೆಯ ಸ್ಥಾನನ ಎರಡು `ಯು32` ಆಗಿ ಇಟ್ಕೊಳ್ಳೋದು. ಎಂಟೇ ಬೈಟ್, ಲೈಫ್‌ಟೈಮ್ ಇಲ್ಲ, 4 ಜಿಬಿ ತನಕದ ಬಫರ್‌ಗೆ ಸಾಕು. ಆದ್ರೆ ಚಿಕ್ಕ ತುಂಡೊಂದನ್ನ ಬಹಳ ಹೊತ್ತು ಇಟ್ಕೊಳ್ಳೋದಾದ್ರೆ ಇಡೀ ಬಫರ್ ಬದುಕಿರ್ಬೇಕಾಗುತ್ತೆ. ಜಾವಾದ `ಸಬ್‌ಸ್ಟ್ರಿಂಗ್` ಮೊದಲು ಹೀಗೇ ಮೂಲ ಅರೇನ ಹಂಚ್ಕೊಳ್ತಾ ಇತ್ತು, ಇದೇ ಕಾರಣಕ್ಕೆ ಮೆಮೊರಿ ಸಿಕ್ಕಾಕೊಂಡು 7ರ ಅಪ್‌ಡೇಟ್ 6ರಲ್ಲಿ ಕಾಪಿ ಮಾಡೋಕೆ ಬದಲಾಯಿಸಿದ್ರು. ಅಂಥ ಜಾಗದಲ್ಲಿ ಕಾಪಿ ಮಾಡೋದೇ ಸರಿ.

## ಇನ್ನೂ ಆಳಕ್ಕೆ ಇಳಿಯೋರಿಗೆ

ಸಿ++ನಲ್ಲಿ ಚಿಕ್ಕ ಸ್ಟ್ರಿಂಗ್‌ಗೆ ಹೀಪ್ ಬೇಡ ಅಂತಾರೆ, ರಸ್ಟ್‌ನಲ್ಲಿ ಯಾಕಿಲ್ಲ?

ಹೌದು, ಅಲ್ಲಿ ಆಬ್ಜೆಕ್ಟ್ ಒಳಗೇ ಚಿಕ್ಕ ಸ್ಟ್ರಿಂಗ್ ಇಡ್ತಾರೆ. ಜಿಸಿಸಿ ಜೊತೆ ಬರೋ ಲೈಬ್ರರಿಲಿ 32 ಬೈಟ್ ಆಬ್ಜೆಕ್ಟ್‌ಗೆ 15 ಬೈಟ್, ಕ್ಲ್ಯಾಂಗ್ ಜೊತೆಯದ್ರಲ್ಲಿ 24ಕ್ಕೆ 22. ರಸ್ಟ್‌ನ ಸ್ಟ್ರಿಂಗ್ ಒಳಗಡೆ ಬರೀ ಬೈಟ್‌ಗಳ ವೆಕ್, ಹಾಗಾಗಿ ಪ್ರತಿ ಓದಿಗೂ "ಒಳಗಿದೆಯಾ ಹೊರಗಿದೆಯಾ" ಅನ್ನೋ ಪರೀಕ್ಷೆ ಇಲ್ಲ. ಬೇಕಾದೋರಿಗೆ `ಕಾಂಪ್ಯಾಕ್ಟ್_ಸ್ಟ್ರ್` 24 ಬೈಟ್ ತನಕ ಒಳಗೇ ಇಡುತ್ತೆ, `ಸ್ಮೋಲ್_ಸ್ಟ್ರ್` 23. ಇಂಗ್ಲಿಷ್ ಕೀಗಳಿಗೆ ಧಾರಾಳ ಆಯ್ತು, ಕನ್ನಡಕ್ಕೆ ಎಂಟು ಕೋಡ್ ಪಾಯಿಂಟ್‌ಗೇ 24 ಮುಗಿಯುತ್ತೆ, ನಿಮ್ಮ ಡೇಟಾ ಯಾವ್ದು ನೋಡ್ಕೊಂಡು ತೀರ್ಮಾನ ಮಾಡಿ.

ಅದೇ ಹೆಸರುಗಳು ಲಕ್ಷಾಂತರ ಸಲ ಬರ್ತವೆ, ಎಲ್ಲನೂ ಬೇರೆ ಬೇರೆ ಇಟ್ಕೊಳ್ಳೋದು ದಂಡ ಅಲ್ವಾ?

ದಂಡವೇ. ಇಂಟರ್ನಿಂಗ್ ಮಾಡಿ: ಪ್ರತಿ ಬೇರೆ ಹೆಸರಿಗೆ ಒಂದು ನಂಬರ್, ಹೆಸರು ಒಂದೇ ಸಲ ಸಂಗ್ರಹ, ಉಳಿದೆಲ್ಲ ಕಡೆ ನಂಬರ್ ಮಾತ್ರ. ರಸ್ಟ್ ಕಂಪೈಲರ್ ತನ್ನ ಒಳಗೆ ಐಡೆಂಟಿಫೈಯರ್‌ಗಳನ್ನ ಹೀಗೇ 32 ಬಿಟ್ ಸಂಖ್ಯೆ ಮಾಡಿ ಇಟ್ಕೊಳುತ್ತೆ, ಎರಡು ಹೆಸರು ಒಂದೇನಾ ಅಂತ ನೋಡೋಕೆ ಎರಡು ಸಂಖ್ಯೆ ಹೋಲಿಸಿದ್ರೆ ಸಾಕು. ಹೆಸರುಗಳ ಬೈಟ್ ಇಡೋಕೆ ಅರೀನಾ ಚೆನ್ನಾಗಿ ಹೊಂದುತ್ತೆ: ದೊಡ್ಡ ತುಂಡು ಒಂದನ್ನ ತಗೊಂಡು ಒಂದರ ಹಿಂದೆ ಒಂದು ಬರೀತಾ ಹೋಗೋದು, ಬಿಡೋವಾಗ ಎಲ್ಲ ಒಟ್ಟಿಗೆ. ರಸ್ಟ್‌ನಲ್ಲಿ `ಬಂಪಾಲೋ` ಇದೆ. ಜಿಗ್‌ನಲ್ಲಂತೂ ಮೆಮೊರಿ ಬೇಕಾದ ಫಂಕ್ಷನ್‌ಗೆಲ್ಲ ಅಲೊಕೇಟರನ್ನ ಕೈಯಾರೆ ಕೊಡೋದೇ ರೂಢಿ, ಅರೀನಾ ಹಾಕೋದು ಒಂದು ಸಾಲಿನ ಕೆಲಸ.

ಒಂದು ಬೈಟ್ ಹುಡುಕೋ ಮೆಮ್‌ಚರ್ ಅಷ್ಟು ಫಾಸ್ಟ್ ಹೇಗೆ, ನಾನು ಬರೆದ ಲೂಪ್ ಯಾಕೆ ಅದರ ಹತ್ರನೂ ಬರಲ್ಲ?

ನಿಮ್ಮ ಲೂಪ್ ಒಂದು ಸಲಕ್ಕೆ ಒಂದು ಬೈಟ್ ನೋಡುತ್ತೆ, ಅದು ಸಿಮ್ಡ್ (ಒಂದೇ ಆದೇಶದಲ್ಲಿ ಹಲವು ಬೈಟ್ ಮೇಲೆ ಕೆಲಸ ಮಾಡೋ ಪ್ರೊಸೆಸರ್ ಸೌಲಭ್ಯ) ಬಳಸಿ ಎಸ್‌ಎಸ್‌ಇ2ನಲ್ಲಿ 16, ಎವಿಎಕ್ಸ್2ನಲ್ಲಿ 32 ಬೈಟ್ ಒಟ್ಟಿಗೆ ಹೋಲಿಸುತ್ತೆ. ಸಿಮ್ಡ್ ಇಲ್ದೇನೂ ಅದರ ರುಚಿ ನೋಡ್ಬಹುದು. ಎಂಟು ಬೈಟ್‌ಗಳನ್ನ ಒಂದು `ಯು64` ಆಗಿ ಓದಿ. ಹುಡುಕೋ ಬೈಟನ್ನ ಎಂಟು ಸಲ ತುಂಬಿದ ಸಂಖ್ಯೆ ಜೊತೆ ಎಕ್ಸಾರ್ ಮಾಡಿ, ಹೊಂದಿದ ಜಾಗ ಸೊನ್ನೆ ಆಗುತ್ತೆ. ಈಗ ಬಂದ ಸಂಖ್ಯೆಯಿಂದ, ಪ್ರತಿ ಬೈಟ್‌ನಲ್ಲೂ 1 ಇರೋ ಸಂಖ್ಯೆ ಕಳೆದು, ಕಳೆಯೋ ಮುಂಚಿನ ಎಕ್ಸಾರ್ ಸಂಖ್ಯೆಯ ಬಿಟ್‌ಗಳನ್ನ ತಿರುಗಿಸಿದ್ದರ ಜೊತೆ ಆಂಡ್ ಮಾಡಿ, ಕೊನೆಗೆ ಪ್ರತಿ ಬೈಟ್‌ನ ಮೇಲ್ತುದಿ ಬಿಟ್ ಮಾತ್ರ ಉಳಿಸ್ಕೊಳ್ಳಿ. ಸೊನ್ನೆ ಬರ್ಲಿಲ್ಲ ಅಂದ್ರೆ ಈ ಎಂಟರಲ್ಲಿ ಎಲ್ಲೋ ಇದೆ ಅಂತ ಅರ್ಥ. ಒಂದು ಷರತ್ತೂ ಇಲ್ದೆ ಎಂಟು ಹೋಲಿಕೆ! ಮೊದಲ ಸಲ ಕಾಗದದ ಮೇಲೆ ಬಿಡಿಸಿ ನೋಡ್ದಾಗ ಆದ ಖುಷಿ ನಂಗೆ ಈಗ್ಲೂ ನೆನಪಿದೆ.

ಕನ್ನಡ ಹುಡುಕೋರಿಗೆ ಒಂದು ಸೂಕ್ಷ್ಮ ಇದೆ. ಕನ್ನಡದ ಪ್ರತಿ ಕೋಡ್ ಪಾಯಿಂಟ್‌ಗೂ ಮೊದಲ ಬೈಟ್ 224, ಎರಡನೇದು 178 ಇಲ್ಲಾ 179, ನಿಜವಾದ ವ್ಯತ್ಯಾಸ ಇರೋದು ಮೂರನೇದ್ರಲ್ಲಿ. ಮೊದಲ ಬೈಟ್ ಹಿಡ್ಕೊಂಡು ಹುಡುಕಿದ್ರೆ ಮೂರು ಬೈಟಿಗೊಂದು ಸಲ ಸುಳ್ಳು ನಿಲ್ದಾಣ. ರಸ್ಟ್‌ನ ಸ್ಟ್ಯಾಂಡರ್ಡ್ ಲೈಬ್ರರಿ ಒಂದು ಕ್ಯಾರೆಕ್ಟರ್ ಹುಡುಕ್ವಾಗ ಅದರ ಕೊನೇ ಬೈಟನ್ನ ಹುಡುಕಿ ಆಮೇಲೆ ಪೂರ್ತಿ ಹೋಲಿಸುತ್ತೆ, ಸ್ವಂತ ಕೋಡ್ ಬರೆಯೋರು ಇದನ್ನೇ ಮಾಡಿ. ಉದ್ದದ ಪದ ಹುಡುಕೋಕೆ `ಮೆಮ್‌ಚರ್` ಕ್ರೇಟ್‌ನ `ಮೆಮ್‌ಮೆಮ್` ಬಳಸಿ, ಸ್ವಂತ ಬರೆಯೋ ಪ್ರಯತ್ನ ಕಲಿಕೆಗೆ ಮಾತ್ರ ಇರ್ಲಿ.

ಫ್ರಮ್_ಯುಟಿಎಫ್8_ಅನ್‌ಚೆಕ್ಡ್ ಹಾಕಿದ್ರೆ ಬೈಟ್ ಎಲ್ಲ ಸರಿಯಾದ ಯುಟಿಎಫ್-8 ಹೌದಾ ಅನ್ನೋ ಪರೀಕ್ಷೆ ಖರ್ಚು ಉಳಿಯುತ್ತಲ್ಲ, ಹಾಕ್ಲಾ?

ಬೇಡ ಅಂತೀನಿ, ಕೈ ಸುಟ್ಕೊಂಡೇ ಹೇಳ್ತಿದೀನಿ. ಫೈಲನ್ನ 8192 ಬೈಟ್ ತುಂಡುಗಳಲ್ಲಿ ಓದಿ ಪ್ರತಿ ತುಂಡನ್ನೂ ನೇರ ಅನ್‌ಚೆಕ್ಡ್ ಮಾಡಿದ್ದೆ. ನನ್ನ ಟೆಸ್ಟ್ ಎಲ್ಲ ಇಂಗ್ಲಿಷ್, ಎಲ್ಲ ಪಾಸ್. ಕನ್ನಡ ಫೈಲ್ ಬಂದಾಗ ಔಟ್‌ಪುಟ್‌ನಲ್ಲಿ ಅಲ್ಲಲ್ಲಿ ಕಸ. ಬರೀ ಕನ್ನಡ ಇರೋ ಪಠ್ಯ ಅಂದ್ಕೊಳ್ಳಿ, 8192ನ ಮೂರರಿಂದ ಭಾಗಿಸಿದ್ರೆ 2730 ಬಂದು ಎರಡು ಉಳಿಯುತ್ತೆ, ಅಂದ್ರೆ ತುಂಡಿನ ಕೊನೇಲಿ ಮುಕ್ಕಾದ ಅಕ್ಷರ. ಅಮಾನ್ಯ ಬೈಟ್ ಇರೋ `&ಸ್ಟ್ರ್` ಬಳಸಿದ್ರೆ ನಡವಳಿಕೆಗೆ ಯಾವ ಖಾತ್ರಿಯೂ ಇಲ್ಲ, ನಂಗೆ ಕಸದಲ್ಲೇ ಮುಗೀತು ಅನ್ನೋದು ಅದೃಷ್ಟ.

ಸರಿಯಾದ ರೀತಿ: `ಫ್ರಮ್_ಯುಟಿಎಫ್8` ಕೊಡೋ ದೋಷದಲ್ಲೇ `ವ್ಯಾಲಿಡ್_ಅಪ್_ಟು` ಅಂತ ಇದೆ, ಅಲ್ಲಿ ತನಕ ಸರಿ ಇದೆ ಅಂತ. `ಎರರ್_ಲೆನ್` ಖಾಲಿ ಬಂದ್ರೆ ತಪ್ಪಲ್ಲ, ಅಕ್ಷರ ಅಪೂರ್ಣ ಅಷ್ಟೇ. ಉಳಿದ ಒಂದೋ ಎರಡೋ ಮೂರೋ ಬೈಟನ್ನ ಬಫರ್ ಶುರುವಿಗೆ ಎಳ್ಕೊಂಡು ಅದರ ಹಿಂದೆ ಮುಂದಿನ ತುಂಡು ಓದಿ. ಪರೀಕ್ಷೆಯೇ ಭಾರ ಅಂತ ಅಳತೆಯಲ್ಲಿ ಕಂಡ್ರೆ `ಸಿಮ್ಡ್‌ಯುಟಿಎಫ್8` ಕ್ರೇಟ್ ಇದೆ, ಇಲ್ಲಾ ಪೂರ್ತಿ ಬೈಟ್ ಸ್ಲೈಸ್‌ನಲ್ಲೇ ಕೆಲಸ ಮುಗಿಸಿ, `&ಸ್ಟ್ರ್` ಮಾಡ್ಲೇಬೇಕು ಅಂತ ಯಾರು ಹೇಳಿದ್ರು.

ಅಲೊಕೇಶನ್ ಕಮ್ಮಿ ಆಯ್ತು ಅಂತ ಹೇಗೆ ಖಾತ್ರಿ ಮಾಡ್ಕೊಳ್ಳೋದು?

ಎಣಿಸಿ. `ಗ್ಲೋಬಲ್‌ಅಲಾಕ್` ಟ್ರೇಟ್ ಬಳಸಿ ಸಿಸ್ಟಮ್ ಅಲೊಕೇಟರ್‌ನ ಸುತ್ತಿ, ಪ್ರತಿ ಕರೆಗೂ ಒಂದು ಅಟಾಮಿಕ್ ಕೌಂಟರ್ ಏರಿಸಿ, ಮೂವತ್ತು ಸಾಲಿನ ಕೋಡ್. `ರೀಅಲಾಕ್`‌ನಲ್ಲೂ ಏರಿಸೋದು ಮರೀಬೇಡಿ, ಬೆಳೆಯೋ ಸ್ಟ್ರಿಂಗ್‌ಗಳೆಲ್ಲ ಅಲ್ಲೇ ಅಡಗಿರ್ತವೆ. ಆಮೇಲೆ ಟೆಸ್ಟ್ ಬರೆದು "ನೂರು ಸಾಲಿಗೂ ಸಾವಿರ ಸಾಲಿಗೂ ಅಲೊಕೇಶನ್ ಲೆಕ್ಕ ಒಂದೇ ಇರ್ಬೇಕು" ಅಂತ ಅಸರ್ಟ್ ಹಾಕಿ. ಟೈಮ್ ಮೆಷಿನ್‌ನಿಂದ ಮೆಷಿನ್‌ಗೆ ಬದಲಾಗುತ್ತೆ, ಈ ಲೆಕ್ಕ ಅಷ್ಟು ಅಲುಗಾಡಲ್ಲ, ಆರು ತಿಂಗಳಾದ್ಮೇಲೆ ಯಾರೋ ಒಂದು `ಕ್ಲೋನ್` ಸೇರಿಸಿದ್ರೆ ಅವತ್ತೇ ಸಿಕ್ಕಿಬೀಳುತ್ತೆ. ಟೆಸ್ಟ್‌ಗಳು ಬೇರೆ ಬೇರೆ ಥ್ರೆಡ್‌ನಲ್ಲಿ ಓಡ್ತವೆ, ಹಾಗಾಗಿ ಈ ಟೆಸ್ಟ್‌ನ ಒಂದೇ ಒಂದು ಫೈಲ್‌ನಲ್ಲಿ ಒಂಟಿಯಾಗಿ ಇಡಿ. ಯಾವ ಸಾಲಿಂದ ಬರ್ತಿದೆ ಅಂತ ಹುಡುಕೋಕೆ ಲಿನಕ್ಸ್‌ನಲ್ಲಿ `ಹೀಪ್‌ಟ್ರ್ಯಾಕ್`, ವಾಲ್‌ಗ್ರೈಂಡ್‌ನ `ಡಿಹ್ಯಾಟ್`. ವೇಗ ಅಳೆಯೋಕೆ `ಕ್ರೈಟೀರಿಯನ್`, ಫಲಿತಾಂಶನ `ಬ್ಲ್ಯಾಕ್_ಬಾಕ್ಸ್`‌ಗೆ ಹಾಕಿ, ಇಲ್ದಿದ್ರೆ ಕಂಪೈಲರ್ ಕೆಲಸವನ್ನೇ ಕಿತ್ತು ಬಿಸಾಕಿ ಸೊನ್ನೆ ನ್ಯಾನೋಸೆಕೆಂಡ್ ತೋರಿಸ್ಬಹುದು.

ಇಷ್ಟೆಲ್ಲ ಯಾಕೆ, ಜೆಮ್ಯಾಲಕ್ಕೋ ಮಿಮ್ಯಾಲಕ್ಕೋ ಅಂತ ಬೇರೆ ಅಲೊಕೇಟರ್ ಹಾಕಿದ್ರೆ ಸಾಕಲ್ವಾ?

ಹಾಕಿ ನೋಡಿ, ಎರಡು ಸಾಲಿನ ಬದಲಾವಣೆ, ತುಂಬ ಥ್ರೆಡ್ ಇರೋ ಪ್ರೋಗ್ರಾಂಗೆ ಒಳ್ಳೇ ಲಾಭ ಕೊಡುತ್ತೆ. 2019ರ ಜನವರಿಯ 1.32ರಲ್ಲಿ ರಸ್ಟ್ ತನ್ನ ಡೀಫಾಲ್ಟ್ ಜೆಮ್ಯಾಲಕ್ ಬಿಟ್ಟು ಸಿಸ್ಟಮ್ ಅಲೊಕೇಟರ್‌ಗೆ ಬಂತು, ಹಾಗಾಗಿ ಬೇಕಿದ್ರೆ ನೀವೇ ಸೇರಿಸ್ಕೋಬೇಕು. ಆದ್ರೆ ಸಾಲಿಗೆ ಹತ್ತು ಸಲ ಕೇಳೋ ಕೋಡ್ ಆಗ್ಲೂ ಹತ್ತು ಸಲನೇ ಕೇಳುತ್ತೆ, ಕಾಪಿನೂ ಹಾಗೇ ಇರುತ್ತೆ. ನಾನು ಮೊದಲು ಲೂಪ್ ಒಳಗಿನದನ್ನ ಸೊನ್ನೆಗೆ ತಂದು, ಮಿಕ್ಕಿದ್ದು ಇನ್ನೂ ಭಾರ ಅನ್ಸಿದ್ರೆ ಮಾತ್ರ ಅಲೊಕೇಟರ್ ಬದಲಾಯಿಸ್ತೀನಿ.